ಬಾಯಿ ಬಿಡದ ಮೇಡಮ್ಮಿನ ಪರವಾಗಿ ಒಬ್ಬ ಬಾಯಿಬಡುಕನ ಸಾಕ್ಷ್ಯ

ಆಪ್ತಸಮಾಲೋಚನಾ ಕೇಂದ್ರದ ಆಡಳಿತಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

(‘ದಿವ್ಯ’, ‘ಸನ್ನಿಧಾನ’ ಎಂಬ ಪದಗಳಲ್ಲಿ ಊದುಬತ್ತಿಯ ವಾಸನೆ ಬರುತ್ತಿದ್ದರೆ, ದೇವರ ಮಾತೆತ್ತಬಾರದೆಂಬ ತಮ್ಮ ಇತ್ತೀಚಿನ ಸುತ್ತೋಲೆಗೆ ವಿಧೇಯನಾಗಿ, ‘ಮೇಜಿನ ಮೇಲಕ್ಕೆ’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.)

ಮಾನ್ಯರಲ್ಲಿ ಮಾನ್ಯರೇ,

ತಮ್ಮ ಕೇಂದ್ರದ ಸಮಾಲೋಚಕಿ ವಿಜೇತಾ ಮೇಡಂ ಅವರನ್ನು ತಾವು ಕೆಲಸದಿಂದ ದೂರ ಇಟ್ಟಿದ್ದೀರಿ. ಸಮಾಲೋಚನೆಯ ಕೋಣೆಯೊಳಗೆ ಅವರು ಒಬ್ಬ ಯುವಕನಿಂದ ಪ್ರಾರ್ಥನೆ ಮಾಡಿಸಿದರು ಎಂಬುದು ಆರೋಪ. ಒಳಗೆ ನಡೆದದ್ದೇನು ಎಂದು ತಾವು ಕೇಳಿದಿರಿ. ಬಂದವರ ಮಾತನ್ನು ಹೊರಗೆ ಹೇಳುವ ಅಧಿಕಾರ ತನಗಿಲ್ಲ ಎಂದು ಅವರು ಸುಮ್ಮನಾದರು. ಸುಮ್ಮನಾದದ್ದನ್ನೇ ತಪ್ಪೊಪ್ಪಿಗೆ ಎಂದು ತಾವು ಬರೆದುಕೊಂಡಿರಿ. ಬರುವ ಶುಕ್ರವಾರ ವಿಚಾರಣಾ ಸಮಿತಿ ಕೂತು ಅವರನ್ನು ಕಾಯಂ ಆಗಿ ಮನೆಗೆ ಕಳುಹಿಸಲಿದೆ ಎಂದು ಕೇಳಿದೆ. ಮಾನ್ಯರೇ, ಆ ಯುವಕ ನಾನು. ಕೋಣೆಯೊಳಗೆ ಇದ್ದದ್ದು ಇಬ್ಬರೇ. ಒಬ್ಬರು ಮಾತಾಡುವ ಹಾಗಿಲ್ಲ, ಇನ್ನೊಬ್ಬನನ್ನು ತಾವು ಕರೆಯಲಿಲ್ಲ. ಹಾಗಾದರೆ ತಮ್ಮ ಸಮಿತಿ ಯಾರ ಮಾತು ಕೇಳಿ ತೀರ್ಪು ಕೊಡುತ್ತದೆ? ಗೋಡೆಯದ್ದೋ? ಫ್ಯಾನಿನದ್ದೋ?

ಮೊದಲು ಸಾಕ್ಷಿಯ ಚಾರಿತ್ರ್ಯ ಪರಿಶೀಲನೆಯಾಗಲಿ. ಹೆಸರು ಡೆನ್ವರ್, ವಾಸ ಪರ್ಕಳದ ಒಂದು ಬಾಡಿಗೆ ಮನೆಯ ಮೇಲಂತಸ್ತು. ಮಣಿಪಾಲದಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಈ ಊರಿನ ಹಲವು ಗಣ್ಯರ ನಗು ನನ್ನ ಕೈಯಲ್ಲಿ ಉಜ್ಜಿ ನುಣುಪಾದದ್ದು. ಹಾಗಾಗಿ ಗಣ್ಯರ ಬಗ್ಗೆ ಭಯ ಕಡಿಮೆ, ಭಕ್ತಿ ಅದಕ್ಕಿಂತ ಕಡಿಮೆ. ಸಹೋದ್ಯೋಗಿ ವಿಶಾಲನ ಬುತ್ತಿಯೊಳಗೆ ಚಿತ್ರಾನ್ನದ ಮೇಲೆ ಒಂದು ಮೇಲ್ದವಡೆ ನಗುತ್ತಾ ಕೂತಿದ್ದ ಪ್ರಕರಣದ ಏಕೈಕ ಆರೋಪಿ ನಾನು. ತಮ್ಮ ಕೇಂದ್ರದ ಹೊರಕೋಣೆಯಲ್ಲಿ ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ‘ಮಾತಾಡುವವರಿಗೆ ಒಳಗೆ ವ್ಯವಸ್ಥೆ ಮಾಡಲಾಗಿದೆ’ ಎಂದು ಚೀಟಿ ಅಂಟಿಸಿದವನೂ ನಾನೇ. ಇಂಥವನ ಮಾತನ್ನು ನಂಬುವುದು ಹೇಗೆ ಎಂದು ತಮಗೆ ಅನ್ನಿಸಿದರೆ ಅದು ನ್ಯಾಯವೇ. ಆದರೆ ಇಲ್ಲಿಂದ ಮುಂದೆ ಬರೆಯುವುದನ್ನು ತಮಾಷೆಗಾಗಿ ಬರೆಯುವಷ್ಟು ಧೈರ್ಯ ನನಗೆ ಇಲ್ಲ.

ನನಗೊಬ್ಬಳು ಅಕ್ಕ ಇದ್ದಳು, ಆಂಜೆಲಾ. ಅಪ್ಪ ಅಮ್ಮ ಬೇಗ ಹೋದ ಕಾರಣ, ಕಾರ್ಕಳದ ಮನೆ ಬಿಟ್ಟು ನನ್ನನ್ನು ಪರ್ಕಳಕ್ಕೆ ಕರೆತಂದು ಓದಿಸಿದವಳು ಅವಳೇ. ಕಾಪುವಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಈ ಪತ್ರದಲ್ಲಿ ಕನ್ನಡ ಎಲ್ಲಿಯಾದರೂ ನೆಟ್ಟಗೆ ನಿಂತಿದ್ದರೆ ಆ ಗೌರವ ಅವಳಿಗೆ. ಕುಚೋದ್ಯ ಮಾತ್ರ ನನ್ನ ಸ್ವಂತ ಸಂಪಾದನೆ. ದಿನಾ ಸಂಜೆ ಅವಳು ಬಸ್ಸಿಳಿದು ಬಂದು, ಮುಖ ತೊಳೆದು, ಒಲೆಯ ಮೇಲೆ ಅನ್ನಕ್ಕಿಟ್ಟು, ದೇವರ ಪಟದ ಎದುರು ದೀಪ ಹಚ್ಚುತ್ತಿದ್ದಳು. ನಮ್ಮ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಆ ಹೊತ್ತಿಗೆ ಜಪಮಾಲೆ ಹೇಳುವ ಕ್ರಮ ಉಂಟು. ತೆರ್ಸ್ ಎನ್ನುತ್ತೇವೆ. ಅದರ ಮುಖ್ಯ ಪ್ರಾರ್ಥನೆಗೆ ಎರಡು ಭಾಗ. ಒಬ್ಬರು ‘ನಮಾನ್ ಮರಿಯೆ’, ಅಂದರೆ ನಮಸ್ಕಾರ ಮರಿಯಾ, ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ, ಉಳಿದವರು ಮಿಕ್ಕ ಅರ್ಧ ಹೇಳಿ ಮುಗಿಸುತ್ತಾರೆ. ಮತ್ತೆ ಮೊದಲಿನಿಂದ. ಮಣಿಯಿಂದ ಮಣಿಗೆ ಹೀಗೆ ಕೊಟ್ಟು ತೆಗೆದುಕೊಳ್ಳುತ್ತಾ ಹೋಗುವುದು. ನಮ್ಮ ಮನೆಯಲ್ಲಿ ಇದ್ದದ್ದು ಇಬ್ಬರೇ ಆದ್ದರಿಂದ ಮೊದಲರ್ಧ ನನ್ನದು, ಎರಡನೆಯ ಅರ್ಧ ಅವಳದ್ದು.

ಇದನ್ನು ಕೇಳಿ ನಾವು ಮಹಾ ಭಕ್ತರು ಎಂದುಕೊಳ್ಳಬೇಡಿ. ಅವಳ ಮನಸ್ಸು ಅರ್ಧ ಒಲೆಯ ಮೇಲೆ. ನಾನು ನನ್ನ ಪಾಲು ಮುಗಿಸುವ ಮೊದಲೇ ಅವಳು ಅವಳ ಪಾಲು ಶುರುಮಾಡುತ್ತಿದ್ದಳು. ಅದಕ್ಕೆ ಸರಿಯಾಗಿ ನಾನು ಬೇಕೆಂದೇ ಒಂದೊಂದು ಶಬ್ದವನ್ನೂ ಎಳೆದು ಎಳೆದು ಹೇಳುತ್ತಿದ್ದೆ.

“ಡೆನ್ನು, ಬೇಗ ಹೇಳು. ದೇವರ ತಾಯಿಗೆ ಬೇರೆ ಮನೆಗೂ ಹೋಗ್ಲಿಕ್ಕುಂಟು.”

“ಅವರು ಕೂತುಕೊಳ್ಳಲಿ ಅಕ್ಕ. ಊಟ ಮಾಡಿಕೊಂಡು ಹೋಗ್ತಾರೆ.”

ಆಗ ತಲೆಗೊಂದು ಮೊಟಕು ಬೀಳುತ್ತಿತ್ತು. (ನಾವು ಮಾತಾಡಿದ್ದು ಕೊಂಕಣಿಯಲ್ಲಿ. ಮೊಟಕನ್ನು ಮಾತ್ರ ಅನುವಾದ ಮಾಡಿಲ್ಲ.)

ಕಳೆದ ಮಳೆಗಾಲ ಅವಳಿಗೆ ಇಲಿಜ್ವರ ಬಂತು. ಮಕ್ಕಳ ಪರೀಕ್ಷೆ ಹತ್ತಿರ ಇತ್ತು. ಸಾದಾ ಜ್ವರ ಎಂದುಕೊಂಡು ಮಾತ್ರೆ ನುಂಗಿ ಶಾಲೆಗೆ ಹೋದಳು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು. ವೈದ್ಯರು ಕೈಲಾದದ್ದನ್ನೆಲ್ಲ ಮಾಡಿದರು, ಅವರ ಮೇಲೆ ನನಗೆ ದೂರಿಲ್ಲ. ದೂರು ಇದ್ದದ್ದು ಇನ್ನೂ ಮೇಲಿನವರ ಮೇಲೆ. ಅವರ ವಿಳಾಸಕ್ಕೆ ಬಹಿರಂಗ ಪತ್ರ ಬರೆಯುವ ಸೌಕರ್ಯ ಇಲ್ಲದ ಕಾರಣ ಅದು ನನ್ನೊಳಗೇ ಉಳಿಯಿತು.

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ, ಒಂದು ಸಂಜೆ ನಾನು ದೀಪ ಹಚ್ಚಿದೆ. ಭಕ್ತಿ ಉಕ್ಕಿ ಬಂದು ಅಲ್ಲ. ಆ ಹೊತ್ತಿಗೆ ಮಾಡಲು ಬೇರೆ ಏನೂ ಗೊತ್ತಿರಲಿಲ್ಲ. ನನ್ನ ಅರ್ಧ ಹೇಳಿದೆ, ನಿಲ್ಲಿಸಿದೆ. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್ ಎನ್ನುತ್ತಿತ್ತು. ಮತ್ತೆ ನನ್ನ ಅರ್ಧ ಹೇಳಿದೆ, ಮತ್ತೆ ನಿಲ್ಲಿಸಿದೆ. ಎರಡನೆಯ ಅರ್ಧ ನನಗೆ ಬಾರದೆ ಅಲ್ಲ, ಹುಟ್ಟಿದಂದಿನಿಂದ ಕೇಳಿದ್ದು. ಆದರೆ ನಾಲಿಗೆ ಅಲ್ಲಿಗೆ ಬಂದು ಕಚ್ಚಿಕೊಂಡು ನಿಲ್ಲುತ್ತಿತ್ತು, ಎದೆಯ ಮೇಲೆ ಯಾರೋ ಅಕ್ಕಿಮುಡಿ ಇಟ್ಟ ಹಾಗೆ. ಹೀಗೆ ಎಷ್ಟೋ ಸಂಜೆಗಳು ನಾನು ಆ ಕೋಣೆಯಲ್ಲಿ ಬರೀ ಅರ್ಧಗಳನ್ನು ಹೇಳುತ್ತಾ ಕೂತಿದ್ದೆ. ನಮಸ್ಕಾರ ಹೇಳಿ ಹೇಳಿ ಯಾರೂ ತಿರುಗಿ ನಮಸ್ಕಾರ ಹೇಳದ ಮನುಷ್ಯನನ್ನು ತಾವು ನೋಡಿದ್ದೀರಾ? ಬಸ್‌ಸ್ಟ್ಯಾಂಡಿನಲ್ಲಿ ಅಂಥವನನ್ನು ಕಂಡರೆ ಜನ ಸ್ವಲ್ಪ ದೂರ ನಿಲ್ಲುತ್ತಾರೆ.

ನಿದ್ರೆ ಹೋಯಿತು. ಊಟ ಹೋಯಿತು. ಕೈ ತಪ್ಪಿ, ಒಬ್ಬರು ನಿವೃತ್ತ ಮೇಷ್ಟರಿಗೆ ಎಡಕ್ಕೆ ವಾಲಿದ ನಗು ಹೋಯಿತು. ಅವರು ಅದನ್ನು ಹಾಕಿಕೊಂಡು ನೇರವಾಗಿ ಲ್ಯಾಬಿಗೆ ಬಂದು ನನ್ನನ್ನು ನೋಡಿ ನಕ್ಕರು, ನಾನು ನಗಲಿಲ್ಲ. ಉಳಿದ ಹೊತ್ತೆಲ್ಲ ನನ್ನ ತಮಾಷೆ ದುಪ್ಪಟ್ಟಾಗಿತ್ತು. ಡೆನ್ವರ್ ಬೇಗ ಚೇತರಿಸಿಕೊಂಡ ಎಂದು ಎಲ್ಲರಿಗೂ ಸಮಾಧಾನ. ವಿಶಾಲನೊಬ್ಬನೇ ಮಧ್ಯಾಹ್ನ ಚಹಾ ಕುಡಿಯುವಾಗ ಕೇಳಿದ: “ಮಾರಾಯ, ಮೊದಲೆಲ್ಲ ಜೋಕ್ ಹೇಳಿ ನಮ್ಮ ಮುಖ ನೋಡ್ತಿದ್ದೆ ಅಲ್ವಾ, ನಕ್ಕರಾ ಇಲ್ವಾಂತ? ಈಗ ಯಾಕೆ ನೋಡುದಿಲ್ಲ?” ಅವನೇ ಬೈಕಿನಲ್ಲಿ ಕೂರಿಸಿ ತಮ್ಮ ಕೇಂದ್ರದ ಬಾಗಿಲಲ್ಲಿ ಇಳಿಸಿ ಹೋದ.

ವಿಜೇತಾ ಮೇಡಂ ಎದುರು ಮೊದಲ ದಿನ ಪೂರ್ತಿ ನಾನು ತಮಾಷೆ ಮಾಡಿದೆ. ಅವರು ಚೆನ್ನಾಗಿದ್ದದ್ದಕ್ಕೆ ನಕ್ಕರು. ಚೆನ್ನಾಗಿಲ್ಲದ್ದಕ್ಕೆ, “ಇದು ಅಷ್ಟು ಚಂದ ಆಗ್ಲಿಲ್ಲ, ಆಗಿನದ್ದು ಒಳ್ಳೆದಿತ್ತು” ಎಂದರು. ನನ್ನ ವೃತ್ತಿಜೀವನದಲ್ಲಿ ಅಷ್ಟು ಪ್ರಾಮಾಣಿಕ ವಿಮರ್ಶೆ ಸಿಕ್ಕಿದ್ದೇ ಇಲ್ಲ. ನಿದ್ರೆಗೆ ಡಾಕ್ಟರರನ್ನು ನೋಡಲೇಬೇಕು ಎಂದು ಹಟ ಹಿಡಿದು ಕಳುಹಿಸಿದರು. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆಯೇ ಎಂದು ಪ್ರತಿಸಲ ಕೇಳಿದರು. ಮುಂದೊಂದು ದಿನ ಸುಮ್ಮನೆ ಎಂಬಂತೆ, “ಕೆಲಸ ಬಿಟ್ಟು ಮನೆಗೆ ಹೋಗಿ ಎಂತ ಮಾಡ್ತೀರಿ ಡೆನ್ವರ್?” ಎಂದರು. ಆಗ ಈ ಅರ್ಧದ ಕಥೆ ಹೊರಬಂತು.

ಮಾನ್ಯರೇ, ಇಲ್ಲಿಂದ ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ. ತಮ್ಮ ಆರೋಪಪಟ್ಟಿಯ ‘ಧಾರ್ಮಿಕ ಆಚರಣೆ’ ನಡೆದದ್ದು ಈ ಜಾಗದಲ್ಲಿ.

“ನನಗೆ ಆ ಪ್ರಾರ್ಥನೆ ಗೊತ್ತಿಲ್ಲ,” ಎಂದರು ಮೇಡಂ. “ನಿಮ್ಮ ಅಕ್ಕನ ಅರ್ಧದಲ್ಲಿ ಎಂತ ಉಂಟು?”

“ಅದೆಂತ ದೊಡ್ಡದಿಲ್ಲ ಮೇಡಂ, ಕೊಂಕಣಿಯಲ್ಲಿ ಉಂಟು.”

“ಕೊಂಕಣಿ ನನಗೆ ಬರುದಿಲ್ಲ. ಕನ್ನಡದಲ್ಲಿ ಹೇಳ್ಲಿಕ್ಕೆ ಆಗ್ತದಾ? ಬೇಡ ಅನ್ನಿಸಿದರೆ ಬೇಡ.”

ನಾನು ಅನುವಾದಕನ ಗತ್ತಿನಲ್ಲಿ ಶುರುಮಾಡಿದೆ. ದೇವರ ತಾಯಿಯೇ, ಪಾಪಿಗಳಾದ ನಮಗಾಗಿ ಬೇಡಿಕೊ, ಈಗಲೂ, ಮತ್ತು ನಮ್ಮ... ಅಲ್ಲಿಗೆ ನಿಂತೆ. ಮುಂದಿನ ಶಬ್ದ ‘ಮರಣ’. ನಮ್ಮ ಮರಣದ ವೇಳೆಯಲ್ಲಿಯೂ. ಅಷ್ಟು ವರ್ಷ ದಿನಾ ಸಂಜೆ ಹೇಳಿದ ಪ್ರಾರ್ಥನೆಯಲ್ಲಿ ನನ್ನ ಪಾಲಿಗೆ ಬಂದದ್ದು ಬರೀ ನಮಸ್ಕಾರ, ಸ್ತುತಿ, ಒಳ್ಳೆಯ ಮಾತು. ಸಾವಿನ ಶಬ್ದ ಅಕ್ಕನ ಪಾಲಿನಲ್ಲಿತ್ತು. ಅನ್ನ ಉಕ್ಕುತ್ತದೆಂಬ ಅವಸರದಲ್ಲಿ ಅವಳು ಅದನ್ನು ಮಣಿ ಮಣಿಗೂ ಹೇಳಿ ಮುಗಿಸುತ್ತಿದ್ದಳು. ನನ್ನ ಬಾಯಿಗೆ ಅದು ಒಂದು ಸಲವೂ ಬರದ ಹಾಗೆ.

ಮೇಡಂ ಕೈ ಮುಗಿಯಲಿಲ್ಲ. ದೇವರು ಒಳ್ಳೆಯದು ಮಾಡುತ್ತಾನೆ ಎನ್ನಲಿಲ್ಲ. ಎಲ್ಲ ಬರೀ ಮನಸ್ಸಿನ ಆಟ, ಈ ಜಪ ಬಿಡಿ ಎಂದೂ ಹೇಳಲಿಲ್ಲ. ನೀರಿನ ಬಾಟಲಿಯನ್ನು ಈಚೆಗೆ ಸರಿಸಿದರು. ನಾನು ಎರಡು ಗುಟುಕು ಕುಡಿದ ಮೇಲೆ ಕೇಳಿದರು: “ಆ ಶಬ್ದ ನೀವು ಹೇಳಿದರೆ ಎಂತ ಆಗ್ತದೆ ಅಂತ ಕಾಣ್ತದೆ?”

“ಹೇಳಿದರೆ ಅವಳ ಪಾಲು ನಾನು ತೆಗೊಂಡ ಹಾಗೆ ಆಗ್ತದೆ ಮೇಡಂ. ಮತ್ತೆ ಅವಳಿಗೆ ಬರ್ಲಿಕ್ಕೆ ಜಾಗವೇ ಇರುದಿಲ್ಲ.”

ಅಕ್ಕ ಹೋದ ಮೇಲೆ ನಾನು ಅತ್ತದ್ದು ಆಗ, ಅಲ್ಲಿ, ತಮ್ಮ ಕೇಂದ್ರದ ಆಸ್ತಿಯಾದ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಇಷ್ಟೇ ಮಾನ್ಯರೇ. ಮಾಡಿಸಿದರು ಎನ್ನಲಾದ ಪ್ರಾರ್ಥನೆ ಇಷ್ಟೇ. ಅದೂ ಮುಗಿದಿಲ್ಲ. ಆ ದಿನದ ನಂತರ ನಿದ್ರೆ ಸ್ವಲ್ಪ ಸ್ವಲ್ಪ ಹಿಂದೆ ಬಂತು. ಹಸಿವು ಬಂತು. ಎರಡನೆಯ ಅರ್ಧದ ಬಗ್ಗೆ ಮೇಡಂ ಒತ್ತಾಯ ಮಾಡಲಿಲ್ಲ. “ಹೇಳುದೋ ಬಿಡುದೋ ನಿಮಗೆ ಬಿಟ್ಟದ್ದು. ನಾವು ಅದರ ಹತ್ತಿರ ಸ್ವಲ್ಪ ಕೂತುಕೊಳ್ಳುವ” ಎಂದಿದ್ದರು. ನಾವು ಕೂತಿದ್ದೆವು. ಅಷ್ಟರಲ್ಲಿ ತಾವು ಅವರ ಕುರ್ಚಿ ಎಳೆದಿರಿ.

ಎಳೆಯಲು ಕಾರಣವಾದದ್ದು ನನ್ನ ಅಮ್ಮನ ತಂಗಿ, ಕಾರ್ಕಳದ ಬರ್ತಾ ಮಾವ್ಶಿ. ನಾನು ಒಣಗಿ ಕಡ್ಡಿಯಾದದ್ದನ್ನು ಕಂಡು ಅವರು ಸಂತ ಅಂತೋನಿಗೆ ಹರಕೆ ಹೇಳಿಕೊಂಡಿದ್ದರು. ಕಳೆದುಹೋದದ್ದನ್ನು ಹುಡುಕಿಕೊಡುವುದರಲ್ಲಿ ನಮ್ಮ ಕಡೆ ಆ ಸಂತನಿಗೆ ದೊಡ್ಡ ಹೆಸರು. ಮಾವ್ಶಿಯ ಕನ್ನಡಕವನ್ನೇ ಅವನು ಹಲವು ಸಲ ಹುಡುಕಿಕೊಟ್ಟಿದ್ದಾನೆ. ಹುಡುಗನ ಕಳೆದುಹೋದ ನಿದ್ರೆ ಸಿಕ್ಕಿದರೆ ಪತ್ರಿಕೆಯಲ್ಲಿ ಕೃತಜ್ಞತೆ ಪ್ರಕಟಿಸುತ್ತೇನೆ ಎಂದು ಹರಕೆ. ಇಂಥ ಸಣ್ಣ ಪ್ರಕಟಣೆಗಳನ್ನು ತಾವು ನೋಡಿರಬಹುದು, ನಮ್ಮವರ ಪತ್ರಿಕೆಗಳಲ್ಲಿ ಇದ್ದೇ ಇರುತ್ತವೆ. ಸಂತನ ಹೆಸರು, ದೊರೆತ ಉಪಕಾರಕ್ಕಾಗಿ ವಂದನೆ, ಕೆಳಗೆ ಹೆಸರಿನ ಮೊದಲಕ್ಷರ, ಊರು. ಹರಕೆ ಸಂದಾಯ. ನಿದ್ರೆ ಸಿಕ್ಕಿತು, ಮಾವ್ಶಿ ಮಾತು ಉಳಿಸಿಕೊಂಡರು. ಚರ್ಚಿನ ತಿಂಗಳ ಪತ್ರಿಕೆಯಲ್ಲಿ, ಟ್ಯೂಷನ್ ಜಾಹೀರಾತಿನ ಪಕ್ಕದ ಚೌಕದಲ್ಲಿ, ಹೀಗೆ ಅಚ್ಚಾಯಿತು: “ಸಂತ ಅಂತೋನಿ, ಬಾಲಯೇಸು ಮತ್ತು ಕೌನ್ಸೆಲರ್ ವಿಜೇತಾ ಮೇಡಂ ಇವರಿಂದ ದೊರೆತ ಉಪಕಾರಗಳಿಗಾಗಿ ವಂದನೆಗಳು. ಬಿ. ಎಂ., ಕಾರ್ಕಳ.”

ನಾನು ಕಾರ್ಕಳಕ್ಕೆ ಓಡಿದೆ. “ಮಾವ್ಶಿ, ಎಂತ ಮಾಡಿದ್ದು ಇದು?”

“ಎಂತ ಮಾಡಿದೆ? ಹರಕೆ ತೀರಿಸಿದೆ.”

“ಮೇಡಂ ಹೆಸರು ಯಾಕೆ ಹಾಕಿದಿರಿ ಅಲ್ಲಿ?”

“ಕೇಳಿಕೊಂಡದ್ದು ಅಂತೋನಿ ಹತ್ತಿರ. ಅವನು ಮಾಡಿಸಿದ್ದು ಯಾರ ಕೈಯಿಂದ? ಆ ಹುಡುಗಿಯ ಕೈಯಿಂದ ಅಲ್ವಾ? ಕೆಲಸ ಮಾಡಿದವಳ ಹೆಸರು ಬಿಟ್ಟರೆ ಅದು ಮೋಸ ಅಲ್ವಾ ಬಾಬಾ?”

“ಅವರು ಕ್ರಿಶ್ಚಿಯನ್ ಅಲ್ಲ ಮಾವ್ಶಿ.”

“ಅದು ಅಂತೋನಿಗೆ ಗೊತ್ತಿಲ್ಲದೆ ಇರ್ತದಾ?”

ಶ್ರದ್ಧೆಯನ್ನೂ ಸಮಾಲೋಚನೆಯನ್ನೂ ಹೇಗೆ ಒಟ್ಟಿಗೆ ನಡೆಸುವುದು ಎಂದು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ವಿಚಾರ ಸಂಕಿರಣಗಳು ಆಗುತ್ತವೆಯಂತೆ. ಮಾವ್ಶಿ ಅದನ್ನು ಒಂದು ಚೌಕದಲ್ಲಿ ಬಗೆಹರಿಸಿದ್ದರು. ಅದರ ಫೋಟೋ ವಾಟ್ಸಾಪಿಗೆ ಏರಿದ್ದೇ ತಡ, ಕೋಣೆಯೊಳಗೆ ಯಾರೋ ಹುಡುಗನಿಂದ ಜಪ ಮಾಡಿಸಿದರಂತೆ ಎಂಬ ಬಾಲವೂ ಅದಕ್ಕೆ ಬೆಳೆಯಿತು. ಒಂದು ಗುಂಪಿನವರು, ನಮ್ಮ ತುಳು ಹುಡುಗಿಯನ್ನು ಅವರ ಸಂತರ ಸಾಲಿಗೆ ಸೇರಿಸಿಕೊಂಡರು, ಇದು ಮತಾಂತರದ ಹೊಸ ವಿಧಾನ ಎಂದರು. ಇನ್ನೊಂದು ಗುಂಪಿನವರು, ನಮ್ಮ ಹುಡುಗನಿಗೆ ಜಪಮಾಲೆ ಕಲಿಸಲು ಇವಳು ಯಾರು ಎಂದರು. ಪರಸ್ಪರ ಮುಖ ನೋಡದ ಎರಡು ಗುಂಪುಗಳು, ಮೇಡಮ್ಮನ್ನು ತೆಗೆಯಬೇಕೆಂಬ ಒಂದೇ ಬೇಡಿಕೆಯೊಂದಿಗೆ ತಮ್ಮ ಕಚೇರಿಗೆ ಫೋನು ಮಾಡಿದವು. ಸರ್ವಧರ್ಮ ಸಮನ್ವಯ ಸಾಧಿಸಿದ್ದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇನೆ.

ನಂತರ ಸುತ್ತೋಲೆ ಬಂತು. ಸಮಾಲೋಚನೆಯ ವೇಳೆ ದೇವರು, ಪ್ರಾರ್ಥನೆ, ಹರಕೆ, ದೈವ, ಪಾಪ ಮುಂತಾದ ವಿಷಯಗಳು ಬಂದಲ್ಲಿ ಮಾತನ್ನು ಅಲ್ಲಿಗೇ ನಿಲ್ಲಿಸಿ, ಬಂದವರನ್ನು ‘ಅವರವರ ಧರ್ಮದ ಮುಖ್ಯಸ್ಥರ ಬಳಿಗೆ’ ಕಳುಹಿಸತಕ್ಕದ್ದು. ಮೇಡಂ ಜಾಗದಲ್ಲಿ ನನ್ನನ್ನು ನೋಡಲು ರೋಹಿತ್ ಎಂಬ ಹೊಸ ಯುವಕರನ್ನು ಕೂರಿಸಿದಿರಿ. ಪಾಪ, ಒಳ್ಳೆಯವರು. (‘ಪಾಪ’ ಎಂಬುದು ಇಲ್ಲಿ ಧಾರ್ಮಿಕ ಅರ್ಥದಲ್ಲಿ ಅಲ್ಲ.) ನಾನು ಕುರ್ಚಿಯಲ್ಲಿ ಕೂತು, ಬಿಸಿಲಿಗೆ ಸುಸ್ತಾಗಿ, “ಅಯ್ಯೋ ದೇವರೇ” ಎಂದೆ. ಅವರು ಬಾಗಿಲು ನೋಡಿದರು.

“ಡೆನ್ವರ್, ಆ ಶಬ್ದ ಸ್ವಲ್ಪ...”

“ಯಾವ ಶಬ್ದ ಸರ್?”

ಅವರು ಬೆರಳನ್ನು ಮೇಲಕ್ಕೆ ತೋರಿಸಿದರು.

“ಫ್ಯಾನಾ ಸರ್?”

“ಅದಕ್ಕಿಂತ ಮೇಲೆ.”

“ಮೇಲೆ ಆಡಳಿತಾಧಿಕಾರಿಗಳ ಕೋಣೆ ಅಲ್ವಾ ಸರ್?”

ಅವರಿಗೆ ನಗು ಬಂತು, ನಗಲು ಹೆದರಿಕೆಯೂ ಬಂತು. ಅಷ್ಟರಲ್ಲಿ ನನ್ನ ತಮಾಷೆಯ ಸ್ಟಾಕ್ ಮುಗಿಯಿತು. ಅಕ್ಕನ ವಿಷಯ ಎತ್ತಬೇಕೆಂದರೆ ಪ್ರಾರ್ಥನೆಯ ವಿಷಯ ಎತ್ತಲೇಬೇಕು. ಎತ್ತಿದರೆ ಅವರ ಕೆಲಸಕ್ಕೆ ಕುತ್ತು. ಇಬ್ಬರೂ ಸೇರಿ ಕ್ರಿಕೆಟ್ ಮಾತಾಡಿದೆವು. ಭಾರತ ತಂಡದ ಮಧ್ಯಮ ಕ್ರಮಾಂಕದ ಬಗ್ಗೆ ನನ್ನ ಆತಂಕಗಳು ಈಗ ಬಹಳ ಮಟ್ಟಿಗೆ ಗುಣವಾಗಿವೆ.

ವಿಧೇಯ ಪ್ರಜೆಯಾಗಿ ನನ್ನ ಧರ್ಮದ ಮುಖ್ಯಸ್ಥರ ಬಳಿಗೂ ಹೋದೆ. ನಮ್ಮ ಚರ್ಚಿನ ಫಾದರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. “ಡೆನ್ವರ್, ಪಾಪನಿವೇದನೆ ಆದರೆ ನಾನು ಕೇಳಬಹುದು. ಇದು ಪಾಪ ಅಲ್ಲ ಮಾರಾಯ. ನಾನು ನಿನಗಾಗಿ ಪೂಜೆಯಲ್ಲಿ ಪ್ರಾರ್ಥಿಸ್ತೇನೆ, ಅದು ನನ್ನ ಕೆಲಸ. ಆದರೆ ನಿನ್ನ ಎದೆ ಯಾಕೆ ಕಟ್ಟಿಕೊಳ್ತದೆ ಅಂತ ಕೇಳ್ಲಿಕ್ಕೆ ಕಲಿತವರು ಬೇರೆ ಇದ್ದಾರೆ. ಅವರ ಹತ್ತಿರವೇ ಹೋಗು” ಎಂದರು. ಹೀಗೆ ಕೇಂದ್ರ ನನ್ನನ್ನು ಚರ್ಚಿಗೆ, ಚರ್ಚು ಕೇಂದ್ರಕ್ಕೆ ಕಳುಹಿಸಿದವು. ನಡುವೆ ಬಸ್ಸಿನ ಸೌಕರ್ಯ ಚೆನ್ನಾಗಿದೆ.

ನ್ಯಾಯವಾಗಿ ಮಾತಾಡಬೇಕಾದರೆ, ತಮ್ಮ ಭಯಕ್ಕೂ ಆಧಾರ ಇದೆ ಎಂದು ನನಗೆ ಗೊತ್ತು. ಅಕ್ಕ ತೀರಿದ ವಾರದಲ್ಲೇ ಒಬ್ಬ ಪ್ರಾರ್ಥನಾಕೂಟದ ಮಹಾಶಯರು ಮನೆಗೆ ಬಂದಿದ್ದರು. ಮನೆಯಲ್ಲಿ ನಂಬಿಕೆ ಕಡಿಮೆಯಾದದ್ದರಿಂದ ಹೀಗಾಯಿತು ಎಂದು ನನ್ನದೇ ಕುರ್ಚಿಯಲ್ಲಿ ಕೂತು, ನನ್ನದೇ ಚಹಾ ಕುಡಿಯುತ್ತಾ ಹೇಳಿದರು. ಆ ಮಾತು ನನ್ನೊಳಗೆ ಇಳಿದು ಮಾಡಿದ ಗಾಯವನ್ನು ವಿಜೇತಾ ಮೇಡಂ ಎಷ್ಟೋ ಭೇಟಿಗಳಲ್ಲಿ ತೊಳೆಯಬೇಕಾಯಿತು. ಮಾತ್ರೆ ಬಿಡಿಸಿ ಮಂತ್ರ ಹಿಡಿಸುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಅಂಥವರನ್ನು ಕೇಂದ್ರದ ಗೇಟಿನ ಒಳಗೆ ಬಿಡಬೇಡಿ, ನಾನೇ ಕಾವಲಿಗೆ ನಿಲ್ಲುತ್ತೇನೆ. ಆದರೆ ಸಮಾಲೋಚಕಿ ತನ್ನ ದೇವರನ್ನು ಕೋಣೆಗೆ ತರಬಾರದು ಎಂಬುದು ಒಂದು ಮಾತು. ಬಂದವನ ದೇವರನ್ನು ಕೋಣೆಯ ಹೊರಗೆ ನಿಲ್ಲಿಸಬೇಕು ಎಂಬುದು ಬೇರೆಯೇ ಮಾತು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಾ ಎಂದರೆ ಬಿಡುತ್ತೇನೆ. ಹುಟ್ಟಿದಂದಿನಿಂದ ದಿನಾ ಸಂಜೆ ಬಾಯಲ್ಲಿ ಆಡಿದ್ದನ್ನು ಯಾವ ಸ್ಟ್ಯಾಂಡಿನಲ್ಲಿ ಬಿಡಲಿ? ಹೂಡೆಯ ಮೀನುಗಾರನೊಬ್ಬ ಕಡಲಿಗೆ ಹೋದ ಮಗ ಬಾರದೆ ತಮ್ಮಲ್ಲಿಗೆ ಬಂದರೆ, ಕಡಲ ಮೇಲೆ ಅವನಿಗಿರುವ ಭಕ್ತಿಯನ್ನೂ ಸಿಟ್ಟನ್ನೂ ಬದಿಗಿಟ್ಟು ಉಳಿದದ್ದನ್ನು ಮಾತ್ರ ಮಾತಾಡು ಎನ್ನುತ್ತೀರಾ? ಉಳಿಯುವುದು ಏನು, ಹವಾಮಾನವೇ?

ತಮ್ಮ ಕಚೇರಿಯಾದರೂ ಈ ವಿಷಯದಲ್ಲಿ ಶುದ್ಧವಾಗಿದೆಯೇ ಎಂದು ನೋಡಿದೆ. ಮುಂಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಕೌಂಟರಿನ ಮೇಲೆ ಮಿಣಮಿಣ ಬಲ್ಬಿನ ದೇವರ ಪಟ ಇದೆ. ಆಯುಧಪೂಜೆಯ ಕುಂಕುಮ ಪ್ರಿಂಟರಿನ ಹಣೆಯ ಮೇಲೆ ಇನ್ನೂ ಅಳಿಸಿಲ್ಲ. ದೇವರ ಹೆಸರೆತ್ತಬಾರದೆಂಬ ಸುತ್ತೋಲೆ ಹೊರಬಂದದ್ದು ಅದೇ ಪ್ರಿಂಟರಿನಿಂದ. ಇದಾವುದಕ್ಕೂ ನನ್ನ ಆಕ್ಷೇಪ ಇಲ್ಲ. ಕಾಗದ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಯಂತ್ರಕ್ಕೆ ಪೂಜೆ ಮಾಡಬಹುದಾದರೆ, ಶಬ್ದ ಸಿಕ್ಕಿಹಾಕಿಕೊಂ‌ಡ ಮನುಷ್ಯನ ಪ್ರಾರ್ಥನೆಯಲ್ಲಿ ಏನಿದೆ ಎಂದು ಕೇಳುವುದು ಹೇಗೆ ಅಪರಾಧವಾಯಿತು?

ಇಷ್ಟೆಲ್ಲವನ್ನೂ ಊರಿಗೆ ಹೇಳದೆ, ತಮಗೊಬ್ಬರಿಗೇ ಹೇಳಲು ನಾನು ಪ್ರಯತ್ನಿಸಿದೆ. ಕೌಂಟರಿನ ಗುಣವತಿಯವರ ಎದುರು ನಿಂತು, ಆ ಪ್ರಕರಣದ ಯುವಕ ನಾನೇ, ಸಾಕ್ಷಿ ಹೇಳಲು ಬಂದಿದ್ದೇನೆ ಎಂದೆ.

“ಹಾಗೆ ತೆಗೊಳ್ಳಿಕ್ಕೆ ಆಗುದಿಲ್ಲ,” ಎಂದರು ಅವರು. “ಆ ಯುವಕ ಯಾರೂಂತ ಗೌಪ್ಯ ಅಲ್ವಾ?”

“ನಾನೇ ಅಲ್ವಾ ಗುಣವತಿಯಕ್ಕ? ನನಗೆ ಚೀಟಿ ಬರೆದುಕೊಟ್ಟದ್ದೇ ನೀವು.”

“ಹೌದು ಮಾರಾಯ. ನೀವು ಯಾರೂಂತ ನನಗೆ ಗೊತ್ತುಂಟು. ಗೊತ್ತುಂಟೂಂತ ಹೇಳ್ಲಿಕ್ಕೆ ಇಲ್ಲ. ನೀವು ನೀವೇಂತ ನಾವು ಒಪ್ಪಿದರೆ ಗೌಪ್ಯತೆ ಹೋಯ್ತಲ್ಲ!” ಆಮೇಲೆ ಧ್ವನಿ ತಗ್ಗಿಸಿ, “ಊಟ ಆಯ್ತಾ? ಮುಖ ಬಾಡಿದೆ” ಎಂದರು.

ಕೊನೆಗೆ ಕಾಪುವಿಗೆ ಹೋದೆ. ಅಕ್ಕನ ಶಾಲೆಯವರು ಅವಳ ಕಪಾಟಿನ ಸಾಮಾನು ಒಯ್ಯಲು ಹೇಳಿ ಕಳುಹಿಸಿದ್ದರು. ಪುಸ್ತಕಗಳ ಚೀಲ ಹಿಡಿದು ಬಸ್ಸಿಗೆ ನಿಂತಿದ್ದಾಗ ವಿಜೇತಾ ಮೇಡಂ ಮೀನು ತೆಗೆದುಕೊಂಡು ಬರುತ್ತಿದ್ದರು. ಅವರ ಮನೆ ಅಲ್ಲೇ ಹತ್ತಿರವಂತೆ. ನಾನು ಓಡಿಹೋಗಿ ಒಂದೇ ಉಸಿರಿಗೆ ಎಲ್ಲ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

“ಡೆನ್ವರ್, ಇಲ್ಲಿ ಬೇಡ. ನಾನೀಗ ನಿಮ್ಮ ಕೌನ್ಸೆಲರ್ ಅಲ್ಲ. ರಸ್ತೆಯಲ್ಲಿ ಅದನ್ನು ಮಾತಾಡಿದರೆ ನಿಮಗೆ ಒಳ್ಳೆದಲ್ಲ.”

“ಅವರು ಕೇಳಿದಾಗ ಹೇಳಬಹುದಿತ್ತಲ್ಲ ಮೇಡಂ? ನಾನು ಬೇಡ ಅಂತಿದ್ನಾ?”

“ನಿಮ್ಮನ್ನು ಕೇಳ್ಲಿಕ್ಕೆ ನನ್ನನ್ನು ಬಿಡ್ಲಿಲ್ಲ. ಕೇಳದೆ ಹೇಳ್ಲಿಕ್ಕೆ ಆಗ್ತದಾ?”

“ಕೆಲಸ ಹೋಗ್ತದೆ ನಿಮ್ಮದು.”

“ಹೋಗಬಹುದು,” ಎಂದರು. ಕೈಯಲ್ಲಿದ್ದ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. “ಬೇರೆ ಕಡೆಯಾದರೂ ಹೋಗಿ, ಅರ್ಧದಲ್ಲಿ ನಿಲ್ಲಿಸಬೇಡಿ. ಮಾತ್ರೆ ತೆಗೊಳ್ತಾ ಇದ್ದೀರಾ?” ಎಂದು ಕೇಳಿ, ಆ ಪ್ರಶ್ನೆಯೂ ಹೆಚ್ಚಾಯಿತೋ ಎಂಬಂತೆ ಮುಖ ತಿರುಗಿಸಿ ರಸ್ತೆ ದಾಟಿದರು. ನನಗೆ ಆ ಕ್ಷಣ ಅವರ ಮೇಲೆ ಬಹಳ ಸಿಟ್ಟು ಬಂತು. ಬಸ್ಸು ಕಟಪಾಡಿ ದಾಟಿದ ಮೇಲೆ ಅರ್ಥವಾಯಿತು. ತನ್ನ ಅನ್ನದ ಪ್ರಶ್ನೆ ಬಂದಾಗಲೂ ನನ್ನ ಗುಟ್ಟನ್ನು ಖರ್ಚು ಮಾಡದ ಮನುಷ್ಯರು ಈ ಜಿಲ್ಲೆಯಲ್ಲಿ ನನಗೆ ಇವರೊಬ್ಬರೇ ಇದ್ದಾರೆ, ಅವರ ಜೊತೆಯೇ ಮಾತಾಡುವ ಹಾಗಿಲ್ಲ. ಉಡುಪಿಯವರೆಗೆ ಆ ಪುಸ್ತಕಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಇಡಲು ಮನಸ್ಸಾಗಲಿಲ್ಲ.

ಆದುದರಿಂದ ಮಾನ್ಯರೇ, ಅವರು ಕಾದಿಟ್ಟ ಗುಟ್ಟನ್ನು ಅದರ ಯಜಮಾನನಾದ ನಾನೇ ಇಲ್ಲಿ ಬಯಲಿಗೆ ಸುರಿದಿದ್ದೇನೆ. ಊರೆಲ್ಲ ಓದುವ ದಿನಪತ್ರಿಕೆಯಲ್ಲಿ, ಬಹಿರಂಗ ಪತ್ರವಾಗಿ, ಹೆಸರು ಹಾಕಿ, ಯಾರೂ ಕೇಳದೆ. ಅಕ್ಕನ ವಿಷಯ, ಅರ್ಧದ ವಿಷಯ, ಅತ್ತ ವಿಷಯ, ಮಾತ್ರೆಯ ವಿಷಯ, ಎಲ್ಲ. ನಾಳೆ ಲ್ಯಾಬಿನಲ್ಲಿ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡುತ್ತಾರೆ. ಬುತ್ತಿಯಲ್ಲಿ ದವಡೆ ಇಟ್ಟರೂ ಯಾರೂ ಬೈಯುವುದಿಲ್ಲ, ‘ಪಾಪ, ಅವನಿಗೆ ಹಾಗೆ’ ಎನ್ನುತ್ತಾರೆ. ನನ್ನಂಥ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಪರ್ಕಳದ ಅಂಗಡಿಯಲ್ಲಿ ಬ್ರೆಡ್ ತೆಗೆದುಕೊಳ್ಳುವಾಗ, ಇವನೇ ಅಂತೆ ಎಂದು ಯಾರಾದರೂ ತೋರಿಸಬಹುದು. ತೋರಿಸಲಿ. ಕೋಣೆಯೊಳಗಿನ ಯಾವ ಮಾತನ್ನೂ ಇನ್ನು ಮೇಡಂ ನನಗಾಗಿ ಮುಚ್ಚಿಡಬೇಕಾಗಿಲ್ಲ. ಅವರು ಬಾಯಿ ಬಿಡಬಹುದು. ನನ್ನ ಪೂರ್ತಿ ಒಪ್ಪಿಗೆ ಇದೆ, ಜಿಲ್ಲೆಯೆಲ್ಲ ಸಾಕ್ಷಿ.

ಕೇಳುವುದು ಇಷ್ಟು. ಶುಕ್ರವಾರ ಸಮಿತಿಯ ಎದುರು ಮೇಡಮ್ಮನ್ನು ಇನ್ನೊಮ್ಮೆ ಕೇಳಿ, ಈ ಸಲ ಅವರು ಉತ್ತರ ಕೊಡುತ್ತಾರೆ. ನನ್ನನ್ನೂ ಕರೆಯಿರಿ, ನಾನು ನಾನೇ ಎಂದು ದಯವಿಟ್ಟು ಒಪ್ಪಿಕೊಳ್ಳಿ. ಅವರನ್ನು ಅವರ ಕುರ್ಚಿಗೆ ಮರಳಿಸಿ. ಸುತ್ತೋಲೆಯನ್ನು ಹಿಂದಕ್ಕೆ ಪಡೆದು, ಸಮಾಲೋಚಕರು ಯಾರಿಗೂ ದೇವರನ್ನು ಕಲಿಸಬಾರದು, ಯಾರ ದೇವರಿಗೂ ಕಿವಿ ಮುಚ್ಚಿಕೊಳ್ಳಬಾರದು ಎಂದು ಒಂದು ಸಾಲು ಬರೆಯಿರಿ. ಆ ಎರಡನೆಯ ಅರ್ಧದ ಹತ್ತಿರ ನನ್ನ ಕೆಲಸ ಇನ್ನೂ ಮುಗಿದಿಲ್ಲ ಮಾನ್ಯರೇ. ಅದನ್ನು ನಾನು ಒಬ್ಬನೇ ಮುಗಿಸುವುದು ಸಾಧ್ಯವೇ ಎಂದು ಈ ದಿನಗಳಲ್ಲಿ ಪ್ರಾಮಾಣಿಕವಾಗಿ ಪ್ರಯತ್ನಿಸಿ ನೋಡಿದ್ದೇನೆ. ಸಾಧ್ಯವಾಗಲಿಲ್ಲ.

ಇಂತಿ, ತಮ್ಮ ಕಡತದಲ್ಲಿ ಬರೀ ಒಂದು ಅಂಕೆಯಾಗಿ ಮಲಗಿರುವ, ಈ ಹಾಳೆಯಲ್ಲಿ ಎದ್ದು ನಿಂತು ತನ್ನ ಹೆಸರು ಹೇಳುತ್ತಿರುವ,

ಡೆನ್ವರ್ ಕ್ವಾಡ್ರಸ್
ಪರ್ಕಳ

(ಶುಕ್ರವಾರಕ್ಕೆ ರಜೆ ಹಾಕಿದ್ದೇನೆ. ಕರೆದರೂ ಕರೆಯದಿದ್ದರೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಯಾವ ಚೀಟಿಯನ್ನೂ ಅಂಟಿಸುವುದಿಲ್ಲ.)